ಮೂತ್ರ ಪೂರ್ತಿ ಖಾಲಿಯಾಗಿಲ್ಲವೆಂಬ ಭಾವನೆ: ವೈದ್ಯರ ಬಳಿ ಹೋಗಲೇಬೇಕೆ?

ನಿವೃತ್ತ ಮೇಷ್ಟ್ರು, ತಿಪಟೂರು:
ನನಗೆ 64 ವರ್ಷ. ಆರು ತಿಂಗಳಿಂದ ಮೂತ್ರ ಮಾಡಿ ಬಂದ ಮೇಲೂ ಒಳಗೆ ಇನ್ನೂ ಸ್ವಲ್ಪ ಉಳಿದಿದೆ ಎನ್ನಿಸುತ್ತದೆ. ರಾತ್ರಿ ಎರಡು ಸಲ ಏಳಬೇಕಾಗುತ್ತದೆ. ಮಗಳ ಒತ್ತಾಯಕ್ಕೆ ಸ್ಕ್ಯಾನಿಂಗ್ ಮಾಡಿಸಿದೆ. ಒಂದೂವರೆ ಲೀಟರ್ ನೀರು ಕುಡಿಸಿ, ಸರದಿ ಬರುವವರೆಗೆ ಎರಡು ಗಂಟೆ ಕಾಯಿಸಿ, ಆಮೇಲೆ ಮೂತ್ರ ಮಾಡಿ ಬರಲು ಹೇಳಿ ಅಳೆದರು. 110 ಮಿಲಿ ಉಳಿಕೆ ಇದೆ, ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದಪ್ಪಗಾಗಿದೆ ಎಂದು ವರದಿ ಬಂತು. ವೈದ್ಯರು ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಬರೆದುಕೊಟ್ಟರು, ನಾನು ಕೊಂಡಿಲ್ಲ. ಇದು ವಯಸ್ಸಿನ ಸಹಜ ಲಕ್ಷಣ. ನಿಂತು ಮಾಡುವುದನ್ನು ಬಿಟ್ಟು ಕುಳಿತು ಮಾಡತೊಡಗಿದ ಮೇಲೆ ಅರ್ಧದಷ್ಟು ಕಡಿಮೆಯಾಗಿದೆ. ಇಷ್ಟಕ್ಕೆಲ್ಲ ಆಸ್ಪತ್ರೆಗೆ ಅಲೆಯುವುದು ಅನಗತ್ಯವೆಂಬುದು ನನ್ನ ಖಚಿತ ಅಭಿಪ್ರಾಯ.

ಶುಶ್ರೂಷಕಿ, ಹಾಸನ:
‘ವಯಸ್ಸಿನ ಸಹಜ ಲಕ್ಷಣ’ ಎಂಬ ಮಾತನ್ನು ವಾರ್ಡಿನಲ್ಲಿ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿಸಿಕೊಂಡು ಮಲಗಿದವರ ಬಾಯಿಂದಲೇ ಬಹಳ ಸಲ ಕೇಳಿದ್ದೇನೆ, ಮೇಷ್ಟ್ರೇ. ಉಳಿದಿದೆ ಎನ್ನಿಸುವುದು ಬೇರೆ, ನಿಜವಾಗಿ ಉಳಿಯುವುದು ಬೇರೆ. ಸೋಂಕು ತಗುಲಿ ಮೂತ್ರಕೋಶ ಕೆರಳಿದಾಗ ಅದು ಬರಿದಾಗಿದ್ದರೂ ತುಂಬಿದಂತೆ ಅನ್ನಿಸುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ಮಂದವಾದವರಿಗೋ ಅರ್ಧ ಲೀಟರ್ ನಿಂತಿದ್ದರೂ ತಿಳಿಯದೆ ಹೋಗಬಹುದು, ಹಾಸಿಗೆ ಒದ್ದೆಯಾದಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಕಾರಣ ಪ್ರಾಸ್ಟೇಟ್ ಗ್ರಂಥಿಯೋ, ಕಲ್ಲೋ, ಮೂತ್ರನಾಳ ಕಿರಿದಾಗಿದೆಯೋ, ಬರೀ ಮಲಬದ್ಧತೆಯೋ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು.

ಬಯಲುಸೀಮೆಯವ:
‘ಕುಳಿತು ಮಾಡತೊಡಗಿದ ಮೇಲೆ ಅರ್ಧದಷ್ಟು ಕಡಿಮೆ’ ಎಂದಿದ್ದೀರಿ. ಅಳೆದು ಹೇಳುತ್ತಿದ್ದೀರೋ, ಅಂದಾಜಿನಿಂದಲೋ? ಭಂಗಿಗೂ ರೋಗಕ್ಕೂ ಸಂಬಂಧ ಕಟ್ಟುವುದು ಸರಿಯಲ್ಲ.

ನಿವೃತ್ತ ಮೇಷ್ಟ್ರು:
ಸಂಬಂಧವನ್ನು ನಾನು ಕಟ್ಟಿದ್ದಲ್ಲ. ನೆದರ್‌ಲ್ಯಾಂಡ್ಸಿನ ಲೈಡನ್‌ನ ವೈದ್ಯರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕುಳಿತು ಮಾಡಿದಾಗ ಉಳಿಕೆ ಸರಾಸರಿ 25 ಮಿಲಿಯಷ್ಟು ಕಡಿಮೆಯಾಗುತ್ತದೆ. ನಮ್ಮ ತಾತಂದಿರೂ ಕುಳಿತೇ ಮಾಡುತ್ತಿದ್ದರು.

ಬಯಲುಸೀಮೆಯವ:
ಆ ವಿಶ್ಲೇಷಣೆಯ ಇನ್ನರ್ಧವನ್ನು ನೀವು ಹೇಳಲಿಲ್ಲ. ಆರೋಗ್ಯವಂತ ಗಂಡಸರಲ್ಲಿ ಭಂಗಿಯಿಂದ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಮೂತ್ರದ ತೊಂದರೆ ಇದ್ದವರಲ್ಲಿ ಮಾತ್ರ ಕಂಡಿತು. ಕುಳಿತದ್ದರಿಂದ ನಿಮಗೆ ಹಗುರವಾಗಿದ್ದರೆ, ನಿಮ್ಮದು ಸಹಜ ಸ್ಥಿತಿಯಲ್ಲ ಎಂದು ನೀವೇ ಸಾಕ್ಷಿ ಹೇಳಿದಂತಾಯಿತು. ತಾತಂದಿರು ಕೂರುತ್ತಿದ್ದುದು ಕುಕ್ಕರಗಾಲಿನಲ್ಲಿ. ನೀವು ಕೂರುವುದು ಕಮೋಡಿನ ಮೇಲೆ. ಎರಡನ್ನೂ ಬೆರೆಸಬೇಡಿ.

ನಿವೃತ್ತ ಮೇಷ್ಟ್ರು:
ನನ್ನ ಮಂಡಿ ಸವೆದಿದೆ, ಕುಕ್ಕರಗಾಲಿನಲ್ಲಿ ಕೂರಲಾಗದು. ಅದನ್ನು ಹಿಡಿದು ಅಪಹಾಸ್ಯ ಮಾಡುವುದು ಸಭ್ಯತೆಯಲ್ಲ.

ಗೃಹಿಣಿ, ಧಾರವಾಡ:
ಇಲ್ಲಿ ಗಂಡಸರ ಮಾತೇ ನಡೆದಿದೆ. ಬಸ್ ನಿಲ್ದಾಣದ ಶೌಚಾಲಯದಲ್ಲಿ ಹೊಲಸಿಗೆ ಹೇಸಿ, ಕಮೋಡಿಗೆ ತಾಗದಂತೆ ಅರ್ಧ ಬಗ್ಗಿ ಮಾಡುವುದು ನಮ್ಮ ಪಾಡು. ಬ್ರಿಟನ್ನಿನ ಸ್ತ್ರೀರೋಗ ವಿಭಾಗಗಳ ಹೊರರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾಗೆ ಅರ್ಧ ಬಗ್ಗಿದಾಗ ಮೂತ್ರದ ವೇಗ ಶೇಕಡಾ 21ರಷ್ಟು ಕುಗ್ಗಿ, ಉಳಿಕೆ ಶೇಕಡಾ 149ರಷ್ಟು ಏರಿತ್ತು. ನನಗೆ ಮೂರು ಹೆರಿಗೆಗಳಾದ ಮೇಲೆ ಮೂತ್ರಕೋಶವೇ ಕೆಳಗೆ ಜಾರಿತ್ತು. ನಾಲ್ಕು ವರ್ಷ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಭಂಗಿ ಮುಖ್ಯವಲ್ಲ ಎನ್ನುವವರು ಇದನ್ನೂ ಓದಲಿ.

ಬಯಲುಸೀಮೆಯವ:
ಅಕ್ಕಾವರೇ, ‘ಅರ್ಧ ಬಗ್ಗಿ’ ಎಂದು ನೀವೇ ಬರೆದಿದ್ದೀರಿ. ಪೂರ್ತಿ ಕುಕ್ಕರಿಸುವುದು ಬೇರೆ, ತೊಡೆಯನ್ನು ಬಿಗಿಹಿಡಿದು ಗಾಳಿಯಲ್ಲಿ ನಿಲ್ಲುವುದು ಬೇರೆ. ಎರಡನೆಯದರಲ್ಲಿ ಶ್ರೋಣಿಯ, ಅಂದರೆ ಕಿಬ್ಬೊಟ್ಟೆಯ ತಳದ, ಸ್ನಾಯುಗಳು ಸಡಿಲಗೊಳ್ಳುವುದಿಲ್ಲ. ಉಳಿಕೆ ಏರಿದ್ದು ಅದರಿಂದ. ನಮ್ಮ ದೇಸಿ ಪದ್ಧತಿಯ ವಿರುದ್ಧ ಆ ಅಧ್ಯಯನ ಏನನ್ನೂ ಹೇಳುವುದಿಲ್ಲ.

ಗೃಹಿಣಿ, ಧಾರವಾಡ:
ದೇಸಿ ಪದ್ಧತಿಯ ವಿರುದ್ಧ ನಾನೆಲ್ಲಿ ಬರೆದೆ? ನಾಲ್ಕು ವರ್ಷ ಮುಚ್ಚಿಟ್ಟೆ ಎಂದದ್ದು ನಿಮಗೆ ಕಾಣಲೇ ಇಲ್ಲ.

ಔಷಧ ಅಂಗಡಿಯವ, ದಾವಣಗೆರೆ:
ಕೂರುವ ನಿಲ್ಲುವ ವಾದ ಸಾಕು. ನೆಗಡಿಯೆಂದು ಕ್ಲೋರ್‌ಫೆನಿರಮೈನ್ ಇರುವ ಮಾತ್ರೆ ಕೊಂಡುಹೋದ ಹಿರಿಯರು ಮರುದಿನ ಮೂತ್ರ ಕಟ್ಟಿಕೊಂಡು ನರಳಿದ್ದನ್ನು ಕಂಡಿದ್ದೇನೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳೂ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹಾಗೆಯೇ. ಪ್ರಾಸ್ಟೇಟ್ ದಪ್ಪಗಿರುವವರು ಇವನ್ನು ಕೇಳುವಾಗ ಅದನ್ನು ಮೊದಲೇ ತಿಳಿಸಬೇಕು.

ನಿವೃತ್ತ ಮೇಷ್ಟ್ರು:
ಮಾತ್ರೆಗಳೇ ಮೂತ್ರ ಕಟ್ಟಿಸುತ್ತವೆ ಎಂದು ಅಂಗಡಿಯವರೇ ಒಪ್ಪಿಕೊಂಡಿದ್ದಾರೆ. ನಾನು ಮಾತ್ರೆ ಕೊಳ್ಳದಿದ್ದುದು ಸರಿಯಾಯಿತು.

ಔಷಧ ಅಂಗಡಿಯವ:
ನಾನು ಹೇಳಿದ್ದು ಶೀತದ ಮಾತ್ರೆಯ ವಿಷಯ. ನಿಮಗೆ ಬರೆದುಕೊಟ್ಟದ್ದು ಮೂತ್ರಕೋಶದ ಬಾಯಿಯ ಬಿಗಿತವನ್ನು ಸಡಿಲಿಸುವ ಮಾತ್ರೆ. ಥಟ್ಟನೆ ಎದ್ದರೆ ತಲೆ ಸುತ್ತಬಹುದೆಂಬುದು ಅದರ ದೋಷವೇ ಹೊರತು, ಮೂತ್ರ ಕಟ್ಟಿಸುವುದಿಲ್ಲ.

ನಿವೃತ್ತ ಮೇಷ್ಟ್ರು:
ದೋಷವಿದೆಯೆಂದು ಒಪ್ಪಿದಿರಲ್ಲ. ಇನ್ನೊಂದು ಮಾತು: ಅಮೆರಿಕದ ಮೂತ್ರರೋಗ ತಜ್ಞರ ಸಂಘದ ವ್ಯಾಖ್ಯೆಯಂತೆ, ಉಳಿಕೆ 300 ಮಿಲಿ ಮೀರಿ, ಆರು ತಿಂಗಳು ಹಾಗೆಯೇ ಇದ್ದರೆ ಮಾತ್ರ ಅದು ದೀರ್ಘಕಾಲದ ಮೂತ್ರ ನಿಲುಗಡೆ. ನನ್ನದು 110.

ಶುಶ್ರೂಷಕಿ, ಹಾಸನ:
ಆ 300 ಎಂಬುದು ಒಂದು ಸ್ಥಿತಿಗೆ ಹೆಸರಿಡಲು ಹಾಕಿದ ಗೆರೆ. ಅಲ್ಲಿಯವರೆಗೆ ವೈದ್ಯರನ್ನು ಕಾಣಬೇಡಿ ಎಂದು ಯಾವ ಸಂಘವೂ ಹೇಳಿಲ್ಲ! ಸಾಮಾನ್ಯವಾಗಿ 50 ಮಿಲಿಗಿಂತ ಕಡಿಮೆಯಾದರೆ ಚಿಂತೆಯಿಲ್ಲ, 200 ದಾಟಿದರೆ ಸರಿಯಾಗಿ ಖಾಲಿಯಾಗುತ್ತಿಲ್ಲವೆಂದೇ ಅರ್ಥ. ನಡುವಿನದನ್ನು ಮತ್ತೊಮ್ಮೆ ಅಳೆದು ನೋಡಬೇಕು. ಅಳತೆಗಿಂತ ಮಿಗಿಲಾಗಿ ನೆನಪಿಡಬೇಕಾದದ್ದು ಬೇರೆಯಿದೆ. ಮೂತ್ರ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ, ಇಲ್ಲವೇ ಸೊಂಟನೋವಿನೊಡನೆ ಕಾಲು ಸೋತು, ತೊಡೆಸಂದು ಮತ್ತು ಗುದದ ಸುತ್ತ ಜೋಮು ಹಿಡಿದಿದ್ದರೆ, ಬೆಳಗಾಗಲೆಂದು ಕಾಯದೆ ಆಗಲೇ ತುರ್ತು ಚಿಕಿತ್ಸೆಗೆ ಹೋಗಬೇಕು. ಚಳಿಜ್ವರ ಬಂದರೆ ಅದೇ ದಿನ. ಮೂತ್ರದಲ್ಲಿ ರಕ್ತ ಒಮ್ಮೆ ಕಂಡು ನಿಂತುಹೋದರೂ, ನೋವೇ ಇರದಿದ್ದರೂ, ತೋರಿಸಲೇಬೇಕು. ಇವಾವುವೂ ಇರದೆ ಕೆಲವು ವಾರಗಳಿಂದ ಇದೇ ಭಾವನೆ ಇದ್ದರೆ ಮೂತ್ರ, ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ಪರೀಕ್ಷೆಗಳನ್ನಾದರೂ ಮಾಡಿಸಿ. ಇನ್ನು ಮೇಷ್ಟ್ರ 110 ಮಿಲಿಯನ್ನು ನಾನೂ ಪೂರ್ತಿ ನಂಬುವುದಿಲ್ಲ. ಎರಡು ಗಂಟೆ ತಡೆದು ಹಿಗ್ಗಿದ ಮೂತ್ರಕೋಶ ಸರಿಯಾಗಿ ಹಿಂಡುವುದಿಲ್ಲವಾದ್ದರಿಂದ ಉಳಿಕೆ ಹೆಚ್ಚು ತೋರುತ್ತದೆ.

ನಿವೃತ್ತ ಮೇಷ್ಟ್ರು:
ವರದಿ ನಂಬಲರ್ಹವಲ್ಲವೆಂದು ಸಿಸ್ಟರ್ ಅವರೇ ಹೇಳಿದ ಮೇಲೆ ನನ್ನ ವಾದ ಗಟ್ಟಿಯಾಯಿತು. ಮಗಳ ಸಮಾಧಾನಕ್ಕಾಗಿ ಮಾತ್ರ, ಈ ಬಾರಿ ಅತಿಯಾಗಿ ನೀರು ಕುಡಿಯದೆ, ಸೋಮವಾರ ಇನ್ನೊಮ್ಮೆ ಅಳೆಸುತ್ತೇನೆ. ಮಾತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಶುಶ್ರೂಷಕಿ, ಹಾಸನ:
ಕ್ರಿಯಾಟಿನಿನ್ ಕೂಡ ಅದೇ ದಿನ ಮಾಡಿಸಿ.

ಬಯಲುಸೀಮೆಯವ:
ಅಳೆಯುವ ಮುನ್ನ ನಿಂತು ಮಾಡಿದಿರೋ ಕುಳಿತು ಮಾಡಿದಿರೋ ಎಂಬುದನ್ನು ವರದಿಯಲ್ಲಿ ಬರೆಸಿ. ಇಲ್ಲವಾದರೆ ಆ ಸಂಖ್ಯೆಯನ್ನು ನಾನು ಒಪ್ಪುವುದಿಲ್ಲ.