ಪದಚರ್ಚೆ: ಜಂಕ್ಷನ್ನನ್ನ ‘ಮೇಲ್ದರ್ಜೆಗೇರಿಸೋದು’ ಅಂದ್ರೆ ನಿಜವಾಗ್ಲೂ ಏನ್ಮಾಡೋದು?

ಎಲ್ಲರಿಗೂ ನಮಸ್ಕಾರ. ಒಂದು ಪದದಲ್ಲಿ ಸಿಕ್ಕಾಕೊಂಡು ವಾರ ಆಯ್ತು, ಡಿಕ್ಷನರಿ ನೋಡಿದ್ರೂ ಬಿಡಿಸ್ಕೊಳಕ್ಕೆ ಆಗ್ತಿಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ನಾನಿರೋದು ಬೆಂಗಳೂರಲ್ಲಿ, ಹೆಬ್ಬಾಳದ ಹತ್ರ. ನಮ್ಮ ಬೀದಿಯವರು ಸೇರ್ಕೊಂಡು ಜಂಕ್ಷನ್ ಬಗ್ಗೆ ಒಂದು ಮನವಿ ಬರೀತಿದೀವಿ. ಮೊದಲು ಇಂಗ್ಲಿಷಲ್ಲಿ ಬರೆದಾಯ್ತು, ಕನ್ನಡಕ್ಕೆ ತರೋ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ‘ಅಪ್‌ಗ್ರೇಡ್’ ಅನ್ನೋ ಮಾತು ಏಳೆಂಟು ಕಡೆ ಇದೆ. ನಾನು ಜಾಸ್ತಿ ಯೋಚನೆ ಮಾಡದೆ ಪೇಪರಲ್ಲಿ ಬರೋ ಹಾಗೇ ‘ಮೇಲ್ದರ್ಜೆಗೇರಿಸುವುದು’ ಅಂತ ಹಾಕ್ದೆ. ಎಲ್ಲರ ಮುಂದೆ ಓದಿದಾಗ ಪಕ್ಕದ ಮನೆಯ ಅಜ್ಜಿ, ಬೆಳಗಾದ್ರೆ ಹೂವಿನ ಬುಟ್ಟಿ ಹಿಡ್ಕೊಂಡು ಆ ರೋಡ್ ದಾಟೋರು, ‘ಅದೆಲ್ಲ ಸರಿ ಕಣಪ್ಪಾ, ಮೇಲ್ದರ್ಜೆ ಆದ್ಮೇಲೆ ನಾನು ಆ ಕಡೆಗೆ ಹೋಗಕ್ಕಾಗುತ್ತೋ ಇಲ್ವೋ?’ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಪದದಲ್ಲೂ ಇರ್ಲಿಲ್ಲ.

ಅವತ್ತಿಂದ ಈ ‘ದರ್ಜೆ’ ಹಿಂದೆ ಬಿದ್ದಿದೀನಿ. ಅರಬ್ಬಿ ಮೂಲದ ಪದ, ಮೆಟ್ಟಿಲು, ಅಂತಸ್ತು ಅನ್ನೋ ಅರ್ಥ. ಕನ್ನಡದಲ್ಲಿ ಅದು ಚೆನ್ನಾಗಿ ಬೇರು ಬಿಟ್ಟಿದೆ: ಪ್ರಥಮ ದರ್ಜೆ ಸಹಾಯಕ, ಪ್ರಥಮ ದರ್ಜೆ ಕಾಲೇಜು, ಕೆಳದರ್ಜೆ ಮಾಲು. ಪ್ರಾಥಮಿಕ ಆರೋಗ್ಯ ಕೇಂದ್ರನ ಸಮುದಾಯ ಆರೋಗ್ಯ ಕೇಂದ್ರ ಮಾಡಿದ್ರೆ ಮೇಲ್ದರ್ಜೆಗೇರ್ತು ಅನ್ಬಹುದು, ಪುರಸಭೆ ನಗರಸಭೆ ಆದ್ರೂ ಅನ್ಬಹುದು, ರಾಜ್ಯ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಆದ್ರೂ ಸರಿ. ಯಾಕಂದ್ರೆ ಅಲ್ಲೆಲ್ಲ ನಿಜವಾಗ್ಲೂ ಒಂದು ಏಣಿ ಇದೆ, ಕೆಳಗಿನ ಮೆಟ್ಟಿಲು ಯಾವ್ದು ಮೇಲಿನದು ಯಾವ್ದು ಅಂತ ಎಲ್ಲರಿಗೂ ಗೊತ್ತು, ಏರಿದ್ರೆ ಏನು ಹೆಚ್ಚಿಗೆ ಸಿಗುತ್ತೆ ಅಂತಾನೂ ಗೊತ್ತು. ಜಂಕ್ಷನ್‌ಗೆ ಯಾವ ಏಣಿ ಇದೆ? ಸಿಗ್ನಲ್ ಇರೋದು ಕೆಳದರ್ಜೆ, ಫ್ಲೈಓವರ್ ಇರೋದು ಮೇಲ್ದರ್ಜೆ ಅಂತ ನಾವು ಯಾವಾಗ ಒಪ್ಕೊಂಡ್ವಿ? ಪದ ಬಳಸಿದ ತಕ್ಷಣ ಒಪ್ಕೊಂಡ ಹಾಗಾಗಿಬಿಡುತ್ತೆ, ನನ್ನ ತಕರಾರು ಇರೋದೇ ಅಲ್ಲಿ.

ಹೆಬ್ಬಾಳದ್ದೇ ತಗೊಳ್ಳಿ. ಬಳ್ಳಾರಿ ರಸ್ತೆನೂ ಹೊರ ವರ್ತುಲ ರಸ್ತೆನೂ ಕೂಡೋ ಜಾಗ. ಫ್ಲೈಓವರ್ ಬಂದು ಇಪ್ಪತ್ತು ವರ್ಷ ದಾಟಿತು, 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ್ಮೇಲೆ ಊರಿನ ಎಲ್ಲಾ ದಿಕ್ಕಿನ ಗಾಡಿಗಳೂ ಅದರ ಕುತ್ತಿಗೆಗೇ ಬಂದು ಬಿದ್ವು. ಅಲ್ಲಿಂದ ಈಚೆಗೆ ಯಾವ ಪಕ್ಷ ಬಂದ್ರೂ ಹೆಬ್ಬಾಳ ‘ಅಭಿವೃದ್ಧಿ’. 2016ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಆರೂಮುಕ್ಕಾಲು ಕಿಲೋಮೀಟರ್‌ಗೆ ಹತ್ರ ಹತ್ರ ಉಕ್ಕಿನ ಮೇಲ್ಸೇತುವೆ ಕಟ್ತೀವಿ ಅಂತು. ಅದಕ್ಕೆ 812 ಮರ ಹೋಗ್ಬೇಕಿತ್ತು. ಅಕ್ಟೋಬರ್ 16ಕ್ಕೆ ಜನ ರೋಡ್ ಪಕ್ಕ ಕೈ ಕೈ ಹಿಡ್ಕೊಂಡು ನಿಂತ್ರು, 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ರು. ಪದದ ಮೇಲೆ ಪ್ರೀತಿ ಇರೋರು ಒಂದು ಗಮನಿಸಿ: ಅವತ್ತಿನ ಘೋಷಣೆ ‘ಸ್ಟೀಲ್ ಫ್ಲೈಓವರ್ ಬೇಡ’. ಮೂರು ಪದದಲ್ಲಿ ಕನ್ನಡದ್ದು ಒಂದೇ, ಆದ್ರೆ ಅರ್ಥ ಎಲ್ಲಾ ಅದರಲ್ಲೇ ಇತ್ತು. ಕನ್ನಡ ಬಾರದೋರೂ ‘ಬೇಡ’ ಅಂತ ಬೋರ್ಡ್ ಹಿಡ್ಕೊಂಡಿದ್ರು. ಬೇಕು, ಬೇಡ, ಆಗುತ್ತೆ, ಆಗಲ್ಲ, ಇಷ್ಟು ನೇರ ಮಾತು ನಮ್ಮ ಭಾಷೇಲಿ ಇರೋವಾಗ ಸರ್ಕಾರಿ ಕಾಗದಕ್ಕೆ ಹೋದ ತಕ್ಷಣ ಯಾಕೆ ಎಲ್ಲಾ ‘ಮೇಲ್ದರ್ಜೆಗೇರಿಸಲು ಕ್ರಮ’ ಆಗೋಗುತ್ತೆ?

ಈಗ ಸುರಂಗ ರಸ್ತೆ ಜಗಳ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ನೆಲದಡಿ. ಡಿ.ಕೆ. ಶಿವಕುಮಾರ್ ಅವರು ಮಾಡೇ ತೀರ್ತೀವಿ ಅಂತಾರೆ, ಸಂಸದ ತೇಜಸ್ವಿ ಸೂರ್ಯ ಆ ದುಡ್ಡು ಮೆಟ್ರೋಗೆ ಬಸ್ಸಿಗೆ ಹಾಕಿ ಅಂತಾರೆ, ಲಾಲ್‌ಬಾಗ್ ಏನಾಗುತ್ತೆ ಅಂತ ಇನ್ನೊಂದು ಗಲಾಟೆ. ಯಾರು ಸರಿ ಅನ್ನೋದನ್ನ ಇಲ್ಲಿ ಬಗೆಹರಿಸೋದು ಬೇಡ. ನನಗೆ ಬೇಕಿರೋದು ಎರಡೂ ಕಡೆಯವರು ಬಳಸೋ ಪದ. ಒಬ್ರು ‘ದಟ್ಟಣೆ ನಿವಾರಣೆ’ ಅಂತಾರೆ, ಇನ್ನೊಬ್ರು ‘ಕಾರಿನವರ ರಸ್ತೆ’ ಅಂತಾರೆ. ಎರಡನೇದರಲ್ಲಿ ಯಾರಿಗೆ ಅನ್ನೋದು ಇದೆ. ಮೊದಲನೇದರಲ್ಲಿ ಯಾವ ದಟ್ಟಣೆ ಅನ್ನೋದೇ ಇಲ್ಲ. ನಮ್ಮಲ್ಲಿ ‘ಸಂಚಾರ ದಟ್ಟಣೆ’ ಅಂತ ಬರೆದ್ರೆ ಅದು ಬರೀ ಗಾಡಿ ಲೆಕ್ಕ, ಸಂಚಾರ ಅಂದ್ರೆ ನಡ್ಕೊಂಡು ಹೋಗೋದೂ ಸಂಚಾರಾನೇ ಅಲ್ವಾ? ಜಂಗಮರು ಸಂಚಾರ ಮಾಡ್ತಿದ್ದಿದ್ದು ಕಾಲ್ನಡಿಗೇಲೇ. ಒಂದು ಬಸ್ಸಲ್ಲಿ ಅರವತ್ತು ಜನ ನಿಂತಿದ್ರೂ ‘ದಟ್ಟಣೆ’ ಲೆಕ್ಕಕ್ಕೆ ಅದು ಒಂದು ಗಾಡಿ. ಅದಕ್ಕೆ ಮನವೀಲಿ ‘ವಾಹನ ದಟ್ಟಣೆ’, ‘ಜನರ ದಟ್ಟಣೆ’ ಅಂತ ಬೇರೆ ಬೇರೆ ಹಾಕ್ತಿದೀನಿ. ಇದು ಸರೀನಾ ಹೇಳಿ.

ಇನ್ನೊಂದು ‘ಮುಕ್ತ’. ಇದು ನನಗೆ ನಿಜವಾಗ್ಲೂ ಕಾಡ್ತಿರೋ ಪದ. ‘ಮೇಲ್ಸೇತುವೆ ಸಂಚಾರಕ್ಕೆ ಮುಕ್ತ’ ಅಂದ್ರೆ ಸಂಚಾರ ಮಾಡಬಹುದು. ‘ಸಿಗ್ನಲ್ ಮುಕ್ತ ಕಾರಿಡಾರ್’ ಅಂದ್ರೆ ಸಿಗ್ನಲ್ ಇಲ್ಲ. ‘ಗುಂಡಿ ಮುಕ್ತ ರಸ್ತೆ’ ಅಂದ್ರೆ ಗುಂಡಿ ಇಲ್ಲ. ಒಂದೇ ಪದ, ‘ಕ್ಕೆ’ ಇದ್ರೆ ಬಾಗಿಲು ತೆಗೀತು, ‘ಕ್ಕೆ’ ಇಲ್ದಿದ್ರೆ ಆ ವಸ್ತುನೇ ಕಾಣೆ. ಹಾಗಾದ್ರೆ ಹೆಡ್‌ಲೈನಲ್ಲಿ ಜಾಗ ಉಳಿಸಕ್ಕೆ ‘ಸಂಚಾರ ಮುಕ್ತ’ ಅಂತ ಹಾಕಿದ್ರೆ ಏನರ್ಥ, ಹೋಗಬಹುದಾ ಹೋಗಬಾರದಾ? ಮುಕ್ತ ಅನ್ನೋದು ಬಿಡುಗಡೆ, ಒಳ್ಳೇ ಪದ, ಮುಕ್ತಿಯ ನೆಂಟ. ‘ಸಿಗ್ನಲ್ ಮುಕ್ತ’ ಅಂದಾಗ ಏನೋ ಶಾಪ ಕಳೀತು ಅನ್ನೋ ಭಾವ ಬರುತ್ತೆ. ಆದ್ರೆ ಕೆಂಪು ದೀಪ ಅನ್ನೋದು ಗಾಡೀಲಿ ಕೂತಿರೋನಿಗೆ ಮಾತ್ರ ತಡೆ, ನಮ್ಮ ಅಜ್ಜಿಗೆ ಅದೇ ದಾರಿ. ಸಿಗ್ನಲ್ ಮುಕ್ತ ಮಾಡಿದ್ರೆ ಅವರಿಗೆ ದಾಟೋದೇ ಮುಕ್ತಾಯ. ಇಲ್ಲಿ ‘ಮುಕ್ತ’ ಬದಲು ‘ಸಿಗ್ನಲ್ ಇಲ್ಲದ’ ಅಂತ ಸಪ್ಪಗೆ ಬರೆದ್ರೆ ಅದೇ ಹೆಚ್ಚು ಪ್ರಾಮಾಣಿಕ ಅಂತ ನನ್ನ ಅನಿಸಿಕೆ.

‘ಕೆಳಸೇತುವೆ’ ಬಗ್ಗೆ ಜಾಸ್ತಿ ಹೇಳಲ್ಲ, ಹಿಂದೇನೂ ಚರ್ಚೆ ಆಗಿರಬಹುದು. ಸೇತುವೆ ಅಂದ್ರೆ ಮೇಲೆ ಹೋಗೋದು, ಅಂಡರ್‌ಪಾಸ್‌ನಲ್ಲಿ ನಾವು ಹೋಗೋದು ಸೇತುವೆ ಕೆಳಗೆ, ಸೇತುವೆ ಮೇಲಲ್ಲ. ಹಾಗಾಗಿ ಕೆಳದಾರಿ ಅಥವಾ ಅಡಿದಾರಿ ಸಾಕು. ಮಳೇಲಿ ನೀರು ನಿಂತು ಜೀವಾನೇ ಹೋಗಿದೆ 2023ರಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ, ಅಂಥ ಜಾಗಕ್ಕೆ ಸೇತುವೆ ಅನ್ನೋ ಭರವಸೆಯ ಪದ ಕೊಡಕ್ಕೆ ನನಗೆ ಮನಸ್ಸು ಬರಲ್ಲ.

ಇನ್ನು ‘ಜಂಕ್ಷನ್’ ಅನ್ನೋದಕ್ಕೇ ಏನು? ಇಲ್ಲಿ ನಮ್ಮ ಕೊರತೆ ಅಲ್ಲ, ಸಿರಿ ಇದೆ. ವೃತ್ತ ಅನ್ನೋದು ಸರ್ಕಲ್‌ನ ತರ್ಜುಮೆ, ಈಗ ಎಷ್ಟೋ ಕಡೆ ವೃತ್ತಾನೇ ಇಲ್ಲ, ಹೆಸರು ಮಾತ್ರ. ಮಂಗಳೂರಿನ ಪಂಪ್‌ವೆಲ್ ನೋಡಿ, ಮಹಾವೀರ ವೃತ್ತ ಅಂತ ಹೆಸರು, ನಡುವೆ ದೊಡ್ಡ ಕಲಶ ಇತ್ತು, ಫ್ಲೈಓವರ್ ಕೆಲಸಕ್ಕೆ ಕಲಶ ಎತ್ತಿದ್ರು, ಫ್ಲೈಓವರ್ ಎಳ್ಕೊಂಡು ಎಳ್ಕೊಂಡು ಕೊನೆಗೆ 2020ರ ಜನವರಿ 31ಕ್ಕೆ ಓಪನ್ ಆಯ್ತು. ಜನ ಇವತ್ತಿಗೂ ಕರೆಯೋದು ಪಂಪ್‌ವೆಲ್ ಅಂತಾನೇ. ಹಳ್ಳಿ ಕಡೆ ಬನ್ನಿ, ಕಿಬ್ಬನಹಳ್ಳಿ ಕ್ರಾಸ್ ಇದೆ, ಮೂಡಿಗೆರೆ ಕಡೆ, ಎಚ್.ಡಿ. ಕೋಟೆ ಕಡೆ ‘ಹ್ಯಾಂಡ್‌ಪೋಸ್ಟ್’ ಅಂತ ಊರೇ ಇದೆ, ಚಿಕ್ಕಮಗಳೂರಿಂದ ಬಾಬಾಬುಡನ್‌ಗಿರಿಗೆ ಹೋಗೋವಾಗ ಅದೇ ಅರ್ಥದ ‘ಕೈಮರ’ ಸಿಗುತ್ತೆ. ದಾರಿ ತೋರಿಸೋ ಕೈ ಇರೋ ಮರ! ಯಾವ ಸಮಿತಿನೂ ಕೂತು ಮಾಡಿದ ಪದ ಅಲ್ಲ ಅದು, ಎಂಥಾ ಚಂದ. ನದಿಗಳು ಕೂಡೋ ಕಡೆ ಕೂಡಲಿ, ಕೂಡಲಸಂಗಮ, ಕೊಡಗಲ್ಲಿ ಹಾರಂಗಿ ಕಾವೇರಿ ಸೇರೋ ಕೂಡಿಗೆ. ನದಿಗೆ ‘ಕೂಡಿಗೆ’ ಆಗೋದಾದ್ರೆ ರಸ್ತೆಗೂ ಕೂಡಿಗೆ ಯಾಕಾಗಬಾರದು? ಹೆಬ್ಬಾಳ ಅನ್ನೋ ಹೆಸರೂ ಸಣ್ಣದಲ್ಲ, 2018ರಲ್ಲಿ ಸಿಕ್ಕ ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲಲ್ಲಿ ‘ಪೆರ್ಬೊೞಲ್ನಾಡು’ ಅಂತ ಇದೆ, ಪಿರಿದಾದ ಪೊೞಲು, ದೊಡ್ಡ ಊರು. ಅಂಥ ಊರಿನ ಕೂಡಿಗೆ ಅಂತ ಬರೆಯಕ್ಕೆ ನನಗೆ ಆಸೆ, ಆದ್ರೆ ಅರ್ಜಿ ತಗೊಳೋ ಗುಮಾಸ್ತರು ಯಾವ ನದಿ ಅಂತ ಕೇಳಿದ್ರೆ ಕಷ್ಟ. ಸದ್ಯಕ್ಕೆ ‘ಕೂಡುರಸ್ತೆ’ ಅಂತ ಇಟ್ಟಿದೀನಿ.

ಮತ್ತೆ ಮೊದಲನೇ ಪ್ರಶ್ನೆಗೆ ಬರ್ತೀನಿ. ‘ಮೇಲ್ದರ್ಜೆಗೇರಿಸು’ ಕಿತ್ತಾಕಿ ಆ ಏಳೆಂಟು ಕಡೇಲೂ ನಿಜವಾಗಿ ಮಾಡೋ ಕೆಲಸದ ಕ್ರಿಯಾಪದಾನೇ ಹಾಕೋಣ ಅಂತಿದೀನಿ. ಎಲ್ಲಿ ಅಗಲ ಮಾಡೋದೋ ಅಲ್ಲಿ ‘ಅಗಲಿಸು’ ಅನ್ನಂಗಿಲ್ಲ, ಅದು ಅಗಲಿಕೆ ಕಡೆ ಎಳೆಯುತ್ತೆ, ‘ಅಗಲ ಮಾಡು’. ಎಲ್ಲಿ ಮೇಲೆ ಕಟ್ಟೋದೋ ಅಲ್ಲಿ ‘ಮೇಲೆ ಹಾಯಿಸು’. ನೆಲದಡಿ ಇದ್ರೆ ‘ಕೊರೆ’ ಅಥವಾ ‘ತೋಡು’. ಎರಡು ದಾರಿ ಒಂದಕ್ಕೊಂದು ಅಡ್ಡ ಬರದಂಗೆ ಒಂದರ ಮೇಲೊಂದು ಮಾಡೋದಕ್ಕೆ ಇಂಜಿನಿಯರ್‌ಗಳು ‘ಗ್ರೇಡ್ ಸೆಪರೇಟರ್’ ಅಂತಾರಲ್ಲ, ಅದಕ್ಕೆ ‘ದಾರಿ ಬಿಡಿಸು’ ಅಂತ ನನಗೆ ಹೊಳೀತು, ನೂಲಿನ ಸಿಕ್ಕು ಬಿಡಿಸಿದ ಹಾಗೆ. ಆದ್ರೆ ‘ದಾರಿ ಬಿಡಿಸು’ ಅಂದ್ರೆ ಪೊಲೀಸ್ ಮುಂದೆ ಹೋಗಿ ಜನರನ್ನ ಪಕ್ಕಕ್ಕೆ ಸರಿಸೋದು ಅಂತಾನೂ ಅರ್ಥ ಬರುತ್ತಾ? ನಮ್ಮ ಹಾಸನದ ಕಡೆ ಬರುತ್ತೆ. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಹೇಳಿ. ಬೆಳಗಾವಿ ಕಡೆ ಸುರಂಗಕ್ಕೆ ಮರಾಠಿಯ ‘ಬೋಗದಾ’ ಈಗ್ಲೂ ನಡೆಯುತ್ತಾ ಅನ್ನೋದೂ ಬೇಕಿತ್ತು.

ಮನವಿ ಶನಿವಾರ ಕೊಡೋದಿದೆ. ಅಜ್ಜಿ ಕೇಳಿದ್ದಕ್ಕೆ ಮೊದಲ ಸಾಲಿನಲ್ಲೇ ಉತ್ತರ ಇರ್ಲಿ ಅಂತ ಹೀಗೆ ಬರೆದಿದೀನಿ: ‘ಹೆಬ್ಬಾಳದ ಕೂಡುರಸ್ತೆಯಲ್ಲಿ ಏನೇ ಕಟ್ಟಿದರೂ, ಏನೇ ತೋಡಿದರೂ, ನಡೆದು ಬರುವವರು ನೆಲದ ಮೇಲೆಯೇ ದಾಟುವಂತಿರಬೇಕು.’ ಇದರಲ್ಲಿ ‘ನೆಲದ ಮೇಲೆಯೇ’ ಅನ್ನೋದು ಸ್ಕೈವಾಕ್ ಬೇಡ ಅಂತ ಸ್ಪಷ್ಟವಾಗಿ ಹೇಳುತ್ತಾ, ಅಥವಾ ‘ಮೆಟ್ಟಿಲು ಹತ್ತದೆ’ ಅಂತ ಸೇರಿಸ್ಲಾ?