ಬ್ಯಾಂಕಾಕಿನ ಮಳಿಗೆಯ ಹೆಸರಿನ ತುದಿಯಲ್ಲಿರುವ ಹೆಚ್ಚಿನ ‘ಸ್’: ಕನ್ನಡದಲ್ಲಿ ಹೇಗೆ ಬರೆಯಬೇಕು?

ಮಲ್ಲಿಗೆಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬ್ಯಾಂಕಾಕಿಗೆ ಹೊಸದಾಗಿ ಬಂದು ನೆಲೆಸುವ ಕನ್ನಡ ಕುಟುಂಬಗಳಿಗಾಗಿ ನಾವು ಕೆಲವು ಗೆಳತಿಯರು ಸೇರಿ ಒಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ದಿನಸಿ ಮತ್ತು ಸಂತೆಯ ಭಾಗವನ್ನು ಬರೆಯುವ ಹೊಣೆ ನನ್ನದು. ಬೇಳೆ, ಸಾಸಿವೆ, ಇಂಗುಗಳಿಗೆ ಫಾಹುರತ್ ಪೇಟೆಯ ದಾರಿಯನ್ನು ಹೇಳಿ ಮುಗಿಸಿದ್ದೇನೆ. ಹಾಲು, ಮೊಸರು, ಸೊಪ್ಪು, ಅಕ್ಕಿಗಳ ಮಾತಿಗೆ ಬಂದಾಗ ಮಾತ್ರ ಒಂದು ಹೆಸರಿನ ಎದುರು ಎರಡು ವಾರಗಳಿಂದ ನಿಂತುಬಿಟ್ಟಿದ್ದೇನೆ.

ಅದು ಇಲ್ಲಿನ ದೊಡ್ಡ ದಿನಸಿ ಮಳಿಗೆಗಳ ಸರಣಿಯೊಂದರ ಹೆಸರು. ನಾನು ಈ ಊರಿಗೆ ಬಂದಾಗ ಆ ಮಳಿಗೆಗಳ ಫಲಕದ ಮೇಲೆ ಇಂಗ್ಲೆಂಡಿನ ಟೆಸ್ಕೊ ಸಂಸ್ಥೆಯ ಹೆಸರೂ ಸೇರಿ ಟೆಸ್ಕೊ ಲೋಟಸ್ ಎಂದಿತ್ತು. 2021ರ ಫೆಬ್ರುವರಿಯಲ್ಲಿ ಫಲಕಗಳು ಬದಲಾಗತೊಡಗಿದವು. ಟೆಸ್ಕೊ ಹೋಯಿತು, ಲೋಟಸ್ ಉಳಿಯಿತು, ಆದರೆ ಉಳಿದ ಹೆಸರಿನ ಬೆನ್ನಿಗೆ ಇಂಗ್ಲಿಷಿನ ಅಪಾಸ್ಟ್ರಫಿ ಚಿಹ್ನೆಯೊಂದೂ ಇನ್ನೊಂದು ಎಸ್ ಅಕ್ಷರವೂ ಬಂದು ಸೇರಿಕೊಂಡವು (Lotus’s). ಆ ದಿನಗಳಲ್ಲಿ ಇಲ್ಲಿನ ಸಾಮಾಜಿಕ ಜಾಲತಾಣಗಳಲ್ಲಿ ‘ಇದನ್ನು ಹೇಗೆ ಓದಬೇಕು’ ಎಂಬ ಪ್ರಶ್ನೆಯೇ ಓಡಾಡುತ್ತಿತ್ತು. ನನ್ನ ಕಚೇರಿಯ ಥಾಯ್ ಸಹೋದ್ಯೋಗಿಗಳಲ್ಲಿ ಕೆಲವರು ಅದನ್ನು ತಮಾಷೆಯಾಗಿ ತೆಗೆದುಕೊಂಡರು. ಒಬ್ಬರು ಮಾತ್ರ ನಿಜವಾಗಿಯೂ ನೊಂದುಕೊಂಡು, ಇದನ್ನು ನೋಡಿದ ಹೊರದೇಶದವರು ನಮಗೆ ಇಂಗ್ಲಿಷ್ ಬರುವುದಿಲ್ಲವೆಂದು ತಿಳಿಯುವುದಿಲ್ಲವೇ ಎಂದು ನನ್ನನ್ನೇ ಕೇಳಿದರು. ನನ್ನಿಂದ ಉತ್ತರ ಕೊಡಲಾಗಲಿಲ್ಲ.

ನನ್ನ ಪ್ರಶ್ನೆ ಎರಡು. ಕನ್ನಡದಲ್ಲಿ ಈ ಹೆಸರನ್ನು ಲೋಟಸ್ ಎಂದು ಬರೆಯಬೇಕೋ, ಲೋಟಸಸ್ ಎಂದೋ, ಲೋಟಸ್‌ಸ್ ಎಂದೋ? ಮತ್ತು ಆ ಸಹೋದ್ಯೋಗಿ ನಾಚಿಕೊಂಡದ್ದರಲ್ಲಿ ಹುರುಳಿದೆಯೇ, ಅಂದರೆ ಆ ಹೆಸರು ನಿಜಕ್ಕೂ ತಪ್ಪು ಇಂಗ್ಲಿಷೇ?

ನದಿದಂಡೆ

ಮಲ್ಲಿಗೆಬಳ್ಳಿಯವರೇ, ನಾನು ಎಂಟು ವರ್ಷ ಪಥುಮ್ ಥಾನಿಯಲ್ಲಿದ್ದು ಥಾಯ್ ಓದುಬರಹ ಕಲಿತವನು. ಬ್ಯಾಂಕಾಕಿನ ಉತ್ತರಕ್ಕೆ ಅಂಟಿಕೊಂಡಿರುವ ಆ ಪ್ರಾಂತದ ಹೆಸರಿನಲ್ಲಿಯೇ ನಮ್ಮ ಹಳಗನ್ನಡದ ‘ಪದುಮ’ ಕುಳಿತಿದೆ; ತಾವರೆಯ ಊರು ಎಂದೇ ಅದರ ಅರ್ಥ. ದೇವಾಲಯಕ್ಕೆ ಹೋಗುವ ಪ್ರತಿಯೊಬ್ಬರ ಕೈಯಲ್ಲಿ ತಾವರೆಯ ಮೊಗ್ಗು ಇರುವ ನಾಡಿನಲ್ಲಿ ಮಳಿಗೆಗೆ ಆ ಹೂವಿನ ಹೆಸರನ್ನಿಟ್ಟದ್ದು ಬಹಳ ಒಳ್ಳೆಯ ಆಯ್ಕೆಯಾಗಿತ್ತು ಎಂದು ನಾನು ಈಗಲೂ ನಂಬುತ್ತೇನೆ. ತೊಡಕು ಬಂದದ್ದು ಬಾಲದಿಂದ.

ಥಾಯ್ ನುಡಿಯಲ್ಲಿ ಪದದ ಕೊನೆಗೆ ಸಕಾರದ ಉಚ್ಚಾರಣೆ ಉಳಿಯುವುದಿಲ್ಲ. ಬರಹದಲ್ಲಿ ಸ ಅಥವಾ ಶ ಇರುತ್ತದೆ, ಬಾಯಿಗೆ ಬರುವಾಗ ಅದು ತ್ ಆಗಿ ಅಲ್ಲಿಯೇ ಮುಚ್ಚಿಕೊಳ್ಳುತ್ತದೆ. ನಮ್ಮ ಆಕಾಶ ಅವರ ಬಾಯಲ್ಲಿ ಆಕಾತ್, ರಸ ಅಲ್ಲಿ ರೊತ್, ಪ್ರದೇಶ ಅಲ್ಲಿ ಪ್ರಥೇತ್. ತಮ್ಮ ದೇಶವನ್ನು ಅವರು ಪ್ರಥೇತ್ ಥಾಯ್ ಎಂದೇ ಕರೆಯುತ್ತಾರೆ. ಇಂಗ್ಲಿಷಿನಿಂದ ಹೋದ ಟೆನ್ನಿಸ್ ಕೂಡ ಥೆನ್ನಿತ್ ಆಗಿದೆ. ಅದೇ ನಿಯಮದಂತೆ ಲೋಟಸ್ ಎಂಬುದು 1994ರಿಂದ ಅಲ್ಲಿನವರ ಬಾಯಲ್ಲಿ ಲೋತತ್. ಮೊದಲ ಸಕಾರವೇ ತ್ ಆಗಿ ಮುಗಿದುಹೋದ ಪದದ ಆಚೆಗೆ ಎರಡನೆಯ ಸಕಾರವನ್ನು ಹಚ್ಚಿದರೆ ಅದಕ್ಕೆ ನಿಲ್ಲಲು ಜಾಗವೇ ಇಲ್ಲ. ಇನ್ನು ವ್ಯಾಕರಣದ ಮಾತು: ಥಾಯ್‌ನಲ್ಲಿ ವಿಭಕ್ತಿ ಪ್ರತ್ಯಯಗಳಿಲ್ಲ, ‘ಇಂಥವರದ್ದು’ ಎಂದು ಹೇಳಬೇಕಾದರೆ ಒಡೆಯನ ಹೆಸರಿಗೆ ಮೊದಲು ‘ಖೋಂಗ್’ ಎಂಬ ಬೇರೆ ಪದವನ್ನೇ ಇಡುತ್ತಾರೆ. ಹಾಗಾಗಿ ಆ ಕೊನೆಯ ಅಕ್ಷರ ಅವರ ಕಿವಿಗೂ ಏನನ್ನೂ ಹೇಳುವುದಿಲ್ಲ, ವ್ಯಾಕರಣಕ್ಕೂ ಏನನ್ನೂ ಹೇಳುವುದಿಲ್ಲ.

ಈ ಕಷ್ಟವನ್ನು ಥಾಯ್ ಲಿಪಿಯಲ್ಲಿ ಬಗೆಹರಿಸಿದ ರೀತಿಯನ್ನು ತಾವು ಗಮನಿಸಬೇಕು. ಹೊಸ ಹೆಸರನ್ನು ಆ ಲಿಪಿಯಲ್ಲಿ ಬರೆಯುವಾಗ ಎರಡು ಸಕಾರಗಳನ್ನು ಬರೆದು, ಎರಡನೆಯದರ ನೆತ್ತಿಯ ಮೇಲೆ ‘ಕಾರನ್’ ಎಂದು ಜನ ಕರೆಯುವ ಸಣ್ಣ ಗುರುತನ್ನು ಇಡಲಾಯಿತು. ಯಾವ ಅಕ್ಷರದ ಮೇಲೆ ಆ ಗುರುತು ಇರುತ್ತದೆಯೋ ಅದನ್ನು ಓದಬಾರದು. ಆದಿತ್ಯವಾರವನ್ನು ಅವರು ‘ವನ್ ಆಥಿತ್’ ಎನ್ನುತ್ತಾರೆ. ಬರಹದಲ್ಲಿ ಆದಿತ್ಯದ ಯಕಾರವೂ ಇದೆ, ಅದರ ಮೇಲೆ ಈ ಗುರುತಿದೆ. ಶುಕ್ರವಾರದ ರಕಾರಕ್ಕೂ ಅದೇ ಗತಿ. ಪದ ಎಲ್ಲಿಂದ ಬಂತೆಂಬ ನೆನಪನ್ನು ಬರಹದಲ್ಲಿ ಕಾಪಾಡಿ ಮಾತನ್ನು ಹಗುರಾಗಿಸುವ ಈ ಪದ್ಧತಿಯ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಆಥಿತ್‌ನ ಮೂಕ ಯಕಾರದ ಹಿಂದೆ ಒಂದು ಹಳೆಯ ಪದವಿದೆ. ಮಳಿಗೆಯ ಹೆಸರಿನ ಮೂಕ ಸಕಾರದ ಹಿಂದೆ ಯಾರೂ ಎಂದೂ ನುಡಿಯದ ಹೆಸರಿದೆ. ಓದಬಾರದ ಅಕ್ಷರವನ್ನೇ ಹೊಸದಾಗಿ ತಂದು ಕೂಡಿಸಿದರು ಎಂಬುದೇ ಜನರನ್ನು ಕಾಡಿದ್ದು ಎಂದು ನನಗನ್ನಿಸುತ್ತದೆ.

ಕನ್ನಡದಲ್ಲಿ ಲೋಟಸ್ ಎಂದು ಬರೆಯಿರಿ.

ಹಳೆಯ ಪಾಠಪುಸ್ತಕ

ನಾನು ಇಂಗ್ಲಿಷ್ ಕಲಿಸಿ ನಿವೃತ್ತನಾದವನು, ಥಾಯ್ಲೆಂಡನ್ನು ನೋಡಿದವನಲ್ಲ. ಆದ್ದರಿಂದ ಎರಡನೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ತಮ್ಮ ಸಹೋದ್ಯೋಗಿಗೆ ದಯವಿಟ್ಟು ತಿಳಿಸಿ: ಅದು ವ್ಯಾಕರಣದ ತಪ್ಪಲ್ಲ. ಎಸ್ ಅಕ್ಷರದಿಂದ ಮುಗಿಯುವ ಏಕವಚನದ ಹೆಸರಿಗೆ ಅಪಾಸ್ಟ್ರಫಿಯನ್ನೂ ಇನ್ನೊಂದು ಎಸ್ಸನ್ನೂ ಹಚ್ಚುವುದು ಇಂಗ್ಲಿಷಿನಲ್ಲಿ ಒಪ್ಪಿತವಾದ ರೂಪವೇ ಆಗಿದೆ. ಜೇಮ್ಸ್ ಎಂಬುವರ ಪುಸ್ತಕ ಎನ್ನುವಾಗಲೂ ಹೀಗೆಯೇ ಬರೆಯುತ್ತಾರೆ, ಆಗ ಒಂದು ಉಚ್ಚಾರಾಂಶ ಹೆಚ್ಚಾಗುತ್ತದೆ. ಇಂಗ್ಲಿಷ್ ಬಲ್ಲವರು ಫಲಕವನ್ನು ಇದ್ದಂತೆ ಓದಿದರೆ ಲೋಟಸಸ್ ಎಂಬುದಕ್ಕೆ ಹತ್ತಿರದ ಧ್ವನಿಯೇ ಬರುತ್ತದೆ.

ತಪ್ಪಲ್ಲದಿದ್ದರೂ ಅದು ಕಿವಿಗೆ ಒಡ್ಡೊಡ್ಡಾಗಿಯೇ ಕೇಳುತ್ತದೆ, ಅದಕ್ಕೆ ಕಾರಣವಿದೆ. ಇಂಗ್ಲಿಷರ ಅಂಗಡಿಗಳಿಗೆ ಈ ಬಾಲ ಬಂದದ್ದು ಒಡೆಯರ ಹೆಸರಿನಿಂದ. 1869ರಲ್ಲಿ ಲಂಡನ್ನಿನ ಡ್ರೂರಿ ಲೇನಿನಲ್ಲಿ ಸೇನ್ಸ್‌ಬರಿ ದಂಪತಿ ತೆರೆದ ಅಂಗಡಿ ಸೇನ್ಸ್‌ಬರೀಸ್ ಆಯಿತು. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ ಸಹೋದರರ ಉಪಾಹಾರಗೃಹ ಮೆಕ್‌ಡೊನಾಲ್ಡ್ಸ್ ಆಯಿತು. ‘ಶೆಟ್ಟರ ಅಂಗಡಿ’ ಎಂದು ನಾವು ಹೇಳುವಂತೆಯೇ ಅದು, ಕೇವಲ ‘ಶೆಟ್ಟರದ್ದು’ ಎಂದು ನಿಲ್ಲಿಸಿದ ಹಾಗೆ. ಹೂವಿಗೆ ಅದನ್ನು ಹಚ್ಚಿದಾಗ ‘ತಾವರೆಯದ್ದು’ ಎಂದಾಗುತ್ತದೆ, ಏನು ತಾವರೆಯದ್ದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನನಗೆ ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಬೇರೆ. ಟೆಸ್ಕೊ ಎಂಬುದು ಚಹಾ ವ್ಯಾಪಾರಿ ಸ್ಟಾಕ್‌ವೆಲ್ ಅವರ ಹೆಸರಿನ ಮೊದಲಕ್ಷರಗಳೂ ಸ್ಥಾಪಕ ಕೋಹೆನ್ ಅವರ ಹೆಸರಿನ ಮೊದಲೆರಡು ಅಕ್ಷರಗಳೂ ಕೂಡಿ ಆದದ್ದು. ಆ ಇಂಗ್ಲಿಷ್ ಸಂಸ್ಥೆಯ ಫಲಕದಲ್ಲಿ ಈ ಬಾಲ ಎಂದೂ ಇರಲಿಲ್ಲ, ಆದರೂ ಇಂಗ್ಲೆಂಡಿನ ಅನೇಕರು ಮಾತಿನಲ್ಲಿ ಟೆಸ್ಕೋಸ್ ಎಂದೇ ಹೇಳುತ್ತಾರೆ. ಅಲ್ಲಿ ಬಾಯಲ್ಲಿದೆ, ಫಲಕದಲ್ಲಿಲ್ಲ. ಇಲ್ಲಿ ಫಲಕದಲ್ಲಿದೆ, ಬಾಯಲ್ಲಿಲ್ಲ. 2012ರಲ್ಲಿ ಬ್ರಿಟನ್ನಿನ ಪುಸ್ತಕ ಮಳಿಗೆ ವಾಟರ್‌ಸ್ಟೋನ್ಸ್ ತನ್ನ ಹೆಸರಿನಿಂದ ಅಪಾಸ್ಟ್ರಫಿಯನ್ನು ತೆಗೆದುಹಾಕಿದಾಗ ಇಂಗ್ಲಿಷರೇ ಸಿಟ್ಟಾಗಿದ್ದರು. ಒಂದು ಚುಕ್ಕೆಯ ಬಗ್ಗೆ ಜನ ನೊಂದುಕೊಳ್ಳುವುದು ಯಾವ ದೇಶದಲ್ಲಿಯೂ ಕ್ಷುಲ್ಲಕವಲ್ಲ. ಹೆಸರನ್ನು ಪ್ರತಿದಿನ ನುಡಿಯುವವರು ಅವರೇ ತಾನೇ?

ತಕ್ಕಡಿ

ಇಬ್ಬರು ಹಿರಿಯರ ಮಾತನ್ನೂ ಗೌರವದಿಂದ ಓದಿದೆ. ಚಿಲ್ಲರೆ ವ್ಯಾಪಾರದ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಜನರ ಪ್ರತಿಕ್ರಿಯೆಯನ್ನು ಅಕ್ಷರದ ಸುತ್ತಲೇ ನೋಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಲೋಟಸ್ ಮೊದಲಿನಿಂದಲೂ ಇಂಗ್ಲಿಷರ ಸೊತ್ತಾಗಿರಲಿಲ್ಲ. ಅದನ್ನು 1994ರಲ್ಲಿ ಆರಂಭಿಸಿದ್ದು ಥಾಯ್ಲೆಂಡಿನ ದೊಡ್ಡ ಉದ್ಯಮ ಸಂಸ್ಥೆಯಾದ ಸಿಪಿ (ಚರೋನ್ ಪೋಕ್‌ಫಾಂಡ್) ಸಮೂಹವೇ. 1997ರಲ್ಲಿ ಥಾಯ್ ಹಣವಾದ ಬಾತ್ ಕುಸಿದು ಸಾಲದ ಹೊರೆ ಏರಿದಾಗ, ಮರುವರ್ಷ ಹೆಚ್ಚಿನ ಪಾಲನ್ನು ಟೆಸ್ಕೊಗೆ ಮಾರಬೇಕಾಯಿತು. ಹೆಸರು ಟೆಸ್ಕೊ ಲೋಟಸ್ ಆಯಿತು. 2020ರಲ್ಲಿ ಟೆಸ್ಕೊ ತನ್ನ ಥಾಯ್ಲೆಂಡ್ ಮತ್ತು ಮಲೇಷ್ಯಾ ವ್ಯಾಪಾರವನ್ನು ಮಾರಲು ಹೊರಟಾಗ ಅದೇ ಸಮೂಹ ಸುಮಾರು 1,060 ಕೋಟಿ ಡಾಲರಿಗೆ ಅದನ್ನು ಮರಳಿ ಪಡೆಯಿತು. ಆ ಹೊತ್ತಿಗೆ ದೇಶದ ಮೂಲೆಮೂಲೆಯಲ್ಲಿರುವ ಸೆವೆನ್ ಇಲೆವೆನ್ ಮಳಿಗೆಗಳೂ ಸಗಟು ವ್ಯಾಪಾರದ ಮ್ಯಾಕ್ರೊ ಕೂಡ ಅದೇ ಸಮೂಹದ ಕೈಯಲ್ಲಿದ್ದವು. ವ್ಯಾಪಾರ ಸ್ಪರ್ಧಾ ಆಯೋಗದಲ್ಲಿ ಈ ಖರೀದಿಗೆ ಒಪ್ಪಿಗೆ ದೊರೆತದ್ದು 4 ಮತಗಳ ಪರ, 3 ಮತಗಳ ವಿರೋಧದಲ್ಲಿ. ಗ್ರಾಹಕ ಸಂಘಟನೆಗಳು ಆಡಳಿತ ನ್ಯಾಯಾಲಯದ ಮೊರೆ ಹೋದವು.

ಆಯೋಗದ ಒಪ್ಪಿಗೆ ದೊರೆತ ಕೆಲವೇ ತಿಂಗಳಿಗೆ ಹೊಸ ಫಲಕ ಬಂತು. ಬೆಲೆ ಏರಿದರೆ ಹೋಗಲು ಬೇರೆ ಅಂಗಡಿ ಉಳಿದೀತೇ ಎಂದು ಯೋಚಿಸುತ್ತಿದ್ದ ಗ್ರಾಹಕನಿಗೆ ಆಯೋಗದ ತೀರ್ಪಿನ ಪುಟಗಳು ಕೈಗೆಟುಕುವುದಿಲ್ಲ, ಫಲಕ ಕಣ್ಣೆದುರಿಗಿರುತ್ತದೆ. ಅಕ್ಷರದ ಮೇಲೆ ಸುರಿದ ಮಾತಿನಲ್ಲಿ ಒಂದಿಷ್ಟು ಆ ಆತಂಕದ್ದೂ ಇತ್ತೆಂದು ನನ್ನ ಅನಿಸಿಕೆ. ನದಿದಂಡೆಯವರು ಹೇಳಿದಂತೆ ಜನ ಮೊದಲಿನಿಂದಲೂ ಟೆಸ್ಕೊವನ್ನು ಬಿಟ್ಟು ಲೋಟಸ್ ಎಂದಷ್ಟೇ ಕರೆಯುತ್ತಿದ್ದುದರಿಂದ, ಏನನ್ನೂ ಮಾಡದೆ ಆ ಹೆಸರನ್ನೇ ಉಳಿಸಿಕೊಂಡಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಲೇಷ್ಯಾದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನವರಿಗೆ ಅದು ಟೆಸ್ಕೊ ಆಗಿತ್ತು, ಲೋಟಸ್ ಎಂಬುದೇ ಹೊಸದು. ಹೂವಿನ ಸಾಮಾನ್ಯ ಹೆಸರೊಂದನ್ನೇ ವ್ಯಾಪಾರ ಮುದ್ರೆಯಾಗಿ ಎರಡು ದೇಶಗಳಲ್ಲಿ ಕಾಪಾಡಿಕೊಳ್ಳುವುದು ಕಷ್ಟ, ಸಣ್ಣದೊಂದು ವಿಶೇಷ ಗುರುತು ಸೇರಿದರೆ ಸುಲಭ. ಸಂಸ್ಥೆಯ ಕಡೆಯಿಂದ ಯೋಚಿಸಿದರೆ ನನಗೆ ಹೊಳೆಯುವ ಸಮಾಧಾನ ಇದೊಂದೇ. ಗ್ರಾಹಕರಿಗೆ ಅದನ್ನು ಮುಂಚೆಯೇ ನೇರವಾಗಿ ಹೇಳಿ, ಓದುವ ರೀತಿಯನ್ನೂ ತಿಳಿಸಬಹುದಾಗಿತ್ತು.

ಮಲ್ಲಿಗೆಬಳ್ಳಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹಳೆಯ ಪಾಠಪುಸ್ತಕದವರ ಉತ್ತರವನ್ನು ನನ್ನ ಸಹೋದ್ಯೋಗಿಗೆ ಥಾಯ್‌ನಲ್ಲಿ ವಿವರಿಸಿದೆ. ತಪ್ಪಲ್ಲ ಎಂದು ಕೇಳಿ ಆಕೆಗೆ ಸಮಾಧಾನವಾಯಿತು. ಆದರೂ ತಮ್ಮ ತಾಯಿಗೆ ಓದಲಾಗದ ಹೆಸರು ಸರಿಯಾಗಿದ್ದು ಏನು ಬಂತು ಎಂದರು.

ಒಂದು ಸಂದೇಹ ಉಳಿದಿದೆ. ಫಲಕದಲ್ಲಿ ಇಂಗ್ಲಿಷ್ ಅಷ್ಟು ದೊಡ್ಡದಾಗಿದ್ದರೂ ಅನೇಕ ಅಂಗಡಿಗಳಲ್ಲಿ ಅದರ ಮೇಲೆ ಸಣ್ಣ ಥಾಯ್ ಅಕ್ಷರಗಳು ಇದ್ದೇ ಇರುತ್ತವೆ. ಇದು ಕಾನೂನೇ? ಮತ್ತು ಕನ್ನಡದಲ್ಲಿ ಲೋಟಸ್ ಎಂದು ಬರೆದರೂ ವಿಭಕ್ತಿ ಸೇರಿಸುವಾಗ ‘ಲೋಟಸ್‌ನಲ್ಲಿ’ ಎನ್ನಬೇಕೋ ‘ಲೋಟಸ್ಸಿನಲ್ಲಿ’ ಎನ್ನಬೇಕೋ?

ತಕ್ಕಡಿ

ಅದು ತೆರಿಗೆಯ ಕಾರಣದಿಂದ. ಥಾಯ್ಲೆಂಡಿನಲ್ಲಿ 1967ರ ಫಲಕ ತೆರಿಗೆ ಕಾಯಿದೆಯಿದೆ. ಪೂರ್ತಿ ಥಾಯ್ ಇರುವ ಫಲಕಕ್ಕೆ ಅತಿ ಕಡಿಮೆ ತೆರಿಗೆ, ಥಾಯ್ ಜತೆ ಬೇರೆ ಲಿಪಿ ಬೆರೆತರೆ ಹೆಚ್ಚು, ಥಾಯ್ ಇಲ್ಲವೇ ಇಲ್ಲದಿದ್ದರೆ ಅಥವಾ ಅದು ಬೇರೆ ಲಿಪಿಯ ಕೆಳಗಿದ್ದರೆ ಅತಿ ಹೆಚ್ಚು. ಬಹುಕಾಲ ಈ ದರ ಪ್ರತಿ 500 ಚದರ ಸೆಂಟಿಮೀಟರಿಗೆ 3, 20 ಮತ್ತು 40 ಬಾತ್ ಇತ್ತು, ಆಮೇಲೆ ಪರಿಷ್ಕರಿಸಿದ್ದಾರೆ. ಹಾಗಾಗಿ ಮೇಲಿನ ತುದಿಯಲ್ಲಿ ಒಂದು ಸಾಲು ಥಾಯ್ ಬರೆಯಿಸುವುದು ವ್ಯಾಪಾರಿಗೆ ಲಾಭದ ಮಾತು. ಆ ಸಣ್ಣ ಸಾಲನ್ನೇ ನೋಡಿ ಹೆಸರು ಕಲಿಯುವ ಗ್ರಾಹಕರಿದ್ದಾರೆ ಎಂಬುದನ್ನು ಹೆಸರಿಡುವವರು ಮರೆಯಬಾರದಿತ್ತು.

ನದಿದಂಡೆ

‘ಲೋಟಸ್ಸಿನಲ್ಲಿ’ ಎಂದೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಥಾಯ್ ನಾಲಿಗೆ ಕೊನೆಯ ಸಕಾರವನ್ನು ತ್ ಮಾಡಿ ಮುಚ್ಚುತ್ತದೆ. ನಮ್ಮ ನಾಲಿಗೆ ಅದಕ್ಕೆ ಒತ್ತುಕೊಟ್ಟು ಒಂದು ಉಕಾರವನ್ನು ಸೇರಿಸಿ ಬಿಡಿಸುತ್ತದೆ. ಬಸ್ಸು, ಪ್ರೆಸ್ಸು, ಲೋಟಸ್ಸು. ಬಸ್ಸಿನಲ್ಲಿ, ಪ್ರೆಸ್ಸಿನಲ್ಲಿ, ಲೋಟಸ್ಸಿನಲ್ಲಿ. ಬೆಂಗಳೂರಿನವರು ಬ್ರಿಗೇಡ್ ರಸ್ತೆಯ ನೀಲಗಿರೀಸ್ ಅಂಗಡಿಗೆ ಹೋಗುತ್ತಿದ್ದಾಗ ಬಾಲದ ಸಕಾರವನ್ನು ನುಡಿಯುತ್ತಿದ್ದರು, ಹಾಗಾಗಿ ಬರೆಯುವುದೂ ಸರಿ. ಇಲ್ಲಿ ಬಾಲದ ಎರಡನೆಯ ಸಕಾರವನ್ನು ಥಾಯ್ ಜನರೂ ನುಡಿಯುವುದಿಲ್ಲ, ಕನ್ನಡಿಗರೂ ನುಡಿಯುವುದಿಲ್ಲ.

ಹಳೆಯ ಪಾಠಪುಸ್ತಕ

ನದಿದಂಡೆಯವರ ಮಾತು ಒಪ್ಪಿಗೆ, ಒಂದು ತಿದ್ದುಪಡಿಯೊಂದಿಗೆ. ಹೊಸಬರು ಬೀದಿಯಲ್ಲಿ ನಿಂತು ಇಂಗ್ಲಿಷ್ ಫಲಕವನ್ನೇ ಹುಡುಕುತ್ತಾರೆ. ಮೊದಲ ಬಾರಿ ಹೆಸರು ಬರುವಲ್ಲಿ, ಫಲಕದ ಮೇಲೆ ಅಪಾಸ್ಟ್ರಫಿಯೂ ಇನ್ನೊಂದು ಎಸ್ ಕೂಡ ಕಾಣುತ್ತದೆಂದು ಅರ್ಧ ವಾಕ್ಯದಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಅದು ಬೇರೆ ಅಂಗಡಿಯೆಂದು ಮುಂದಕ್ಕೆ ಹೋಗಿಬಿಟ್ಟಾರು.

ಮಲ್ಲಿಗೆಬಳ್ಳಿ

ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: ‘ಹಾಲು, ಮೊಸರು, ಅಕ್ಕಿ, ಸೊಪ್ಪುಗಳು ಲೋಟಸ್ಸಿನಲ್ಲಿ ಸಿಗುತ್ತವೆ. ಇಂಗ್ಲಿಷ್ ಫಲಕದಲ್ಲಿ ಹೆಸರಿನ ಕೊನೆಗೆ ಒಂದು ಅಪಾಸ್ಟ್ರಫಿಯೂ ಹೆಚ್ಚಿನ ಎಸ್ ಅಕ್ಷರವೂ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಟ್ಯಾಕ್ಸಿಯವರಿಗೆ ಲೋತತ್ ಎಂದು ಹೇಳಿ.’