ಜರ್ಮನಿಯ ಫೋಕ್ಲಿಂಗನ್ ಕಬ್ಬಿಣದ ಕಾರ್ಖಾನೆ: ಎಲ್ಲಿಂದ ನೋಡೋಕೆ ಶುರು ಮಾಡೋದು?

ಪ್ರಶ್ನೆ
ಫ್ರಾಂಕ್‌ಫರ್ಟ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬೇಕು. ಜೊತೆಗೆ ಅಮ್ಮ ಇರ್ತಾರೆ, ಅವರಿಗೆ ಮಂಡಿನೋವು. ಫೋಟೋ ನೋಡಿದರೆ ಬರೀ ಪೈಪು. ಯಾವುದು ಏನು ಅಂತ ಗೊತ್ತಾಗೋದು ಹೇಗೆ?

ಉತ್ತರ 1
ಸಾರ್‌ಬ್ರೂಕನ್‌ವರೆಗೆ ಸುಮಾರು 2 ಗಂಟೆ, ಅಲ್ಲಿಂದ ಲೋಕಲ್ ರೈಲಲ್ಲಿ 10 ನಿಮಿಷ. ಕಾರ್ಖಾನೆ ಸ್ಟೇಷನ್ ಹತ್ತಿರವೇ. ಒಳಗಿನ ದಾರಿಯೆಲ್ಲ ಸೇರಿದರೆ ಸುಮಾರು 7 ಕಿ.ಮೀ., ಮುಖ್ಯವಾದದ್ದಕ್ಕೆ 3 ಗಂಟೆ ಸಾಕು.

ಮೊದಲು ಬ್ಲೋವರ್ ಹಾಲ್‌ಗೆ (ಗಾಳಿ ಊದುವ ಎಂಜಿನ್‌ಗಳ ಕಟ್ಟಡ) ಹೋಗಿ, ಯಾವ ಪೈಪು ಯಾಕೆ ಅಂತ ಅಲ್ಲೇ ಗೊತ್ತಾಗುತ್ತೆ. ಊದುಕುಲುಮೆಯ (ಗಾಳಿ ಊದಿ ಅದಿರಿನಿಂದ ಕಬ್ಬಿಣ ಕರಗಿಸುವ ಕುಲುಮೆ) ತಲೆಯಿಂದ ಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಅದು ಉರಿಯುತ್ತೆ. ಅದರ ದೂಳು ತೆಗೆದು ಇಲ್ಲಿನ ದೈತ್ಯ ಎಂಜಿನ್‌ಗಳಿಗೆ ಕೊಡ್ತಿದ್ದರು. ಆ ಎಂಜಿನ್‌ಗಳೇ ಕುಲುಮೆಗೆ ಗಾಳಿ ಊದುತ್ತಿದ್ದದ್ದು. ದೂಳು ಉಳಿದರೆ ಸಿಲಿಂಡರ್ ಸವೆದು ಎಂಜಿನ್ ಕೆಡುತ್ತೆ. ಕುಲುಮೆ ಪಕ್ಕದ ಗುಂಡುತಲೆಯ ಗೋಪುರಗಳು ಕೌಪರ್ ಒಲೆಗಳು. ಅದೇ ಅನಿಲ ಉರಿಸಿ ಒಳಗಿನ ಇಟ್ಟಿಗೆಗಳನ್ನು ಕಾಯಿಸೋದು, ಆಮೇಲೆ ಅವುಗಳ ನಡುವೆ ಗಾಳಿ ಹಾಯಿಸೋದು. ಒಂದು ಕಾಯುತ್ತಿರುವಾಗ ಇನ್ನೊಂದು ಬಿಸಿಗಾಳಿ ಕೊಡುತ್ತೆ. ಕುಲುಮೆಗೆ ಹಾಕುವ ಕೋಕ್ (ಗಾಳಿಯಿಲ್ಲದೆ ಕಲ್ಲಿದ್ದಲು ಕಾಯಿಸಿ ಮಾಡಿದ ಇಂಧನ) ಉಳಿತಾಯ ಆಗೋದು ಇದರಿಂದಲೇ.

ಉತ್ತರ 2
ಬ್ಲೋವರ್ ಹಾಲ್ ಸರಿ, ಆದರೆ ಅಲ್ಲೇ ಹೊತ್ತು ಕಳೆದರೆ ಮೇಲೆ ಹತ್ತುವಾಗ ಕಾಲು ಸೋತಿರುತ್ತೆ. ಅದಿರು ಹೋದ ದಾರಿಯನ್ನೇ ಹಿಡಿಯಿರಿ. ಹಳಿಗೆ ನೇತುಬಿದ್ದ ತೊಟ್ಟಿಗಳು ಅದಿರು, ಕೋಕ್ ಹೊತ್ತು ಇಳಿಜಾರಿನಲ್ಲಿ 27 ಮೀಟರ್ ಎತ್ತರದ ಅಟ್ಟಕ್ಕೆ ಏರುತ್ತಿದ್ದವು. ಅಲ್ಲಿ ಆರೂ ಕುಲುಮೆಗಳ ಬಾಯಿ ಸಾಲಾಗಿವೆ. ಅದರ ಮೇಲೆ 45 ಮೀಟರ್‌ನಲ್ಲಿ ನೋಟದ ಕಟ್ಟೆ.

ಅಲ್ಲಿ ಹೆಲ್ಮೆಟ್ ಕಡ್ಡಾಯ. ಮೆಟ್ಟಿಲು ಕಬ್ಬಿಣದ ಜಾಲರಿ, ಕೆಳಗಿನ ನೆಲ ಕಾಣುತ್ತೆ. ತಲೆ ಸುತ್ತುವವರು ಪಕ್ಕದ ಕಂಬಿ ಬಿಡದೆ ನಡೆಯಿರಿ. ಹೀಲ್ಸ್ ಜಾಲರಿಗೆ ಸಿಕ್ಕಿಕೊಳ್ಳುತ್ತೆ, ಮಳೆ ಬಿದ್ದರೆ ಚಪ್ಪಲಿ ಜಾರುತ್ತೆ. ಶೂ ಹಾಕಿ.

ಉತ್ತರ 3
ಅಮ್ಮನನ್ನು ಮೇಲೆ ಕರ್ಕೊಂಡು ಹೋಗಬೇಡಿ, ಹತ್ತೋದಕ್ಕಿಂತ ಇಳಿಯೋದು ಮಂಡಿಗೆ ಕಷ್ಟ. ಅವರು ಬ್ಲೋವರ್ ಹಾಲ್‌ನಲ್ಲಿ ನೋಡ್ತಾ ಇರಲಿ, ನೀವು ಹೋಗಿ ಬನ್ನಿ. ಆಮೇಲೆ ಇಬ್ಬರೂ ಕೋಕ್ ತಯಾರಿಸುತ್ತಿದ್ದ ಒಲೆಗಳ ಕಡೆ ಹೋಗಿ. 1986ರಲ್ಲಿ ಕುಲುಮೆ ಆರಿದ ಮೇಲೆ ಅಲ್ಲಿ ಗಿಡಮರ ತಾವಾಗಿ ಬೆಳೆದಿವೆ. 1994ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಅಂದ ಹಾಗೆ, 1923ರಲ್ಲಿ ಶುರುವಾದ ಭದ್ರಾವತಿಯ ಕುಲುಮೆಗೆ ಹಾಕುತ್ತಿದ್ದದ್ದು ಇದ್ದಿಲು. ಇದ್ದಿಲು ಭಾರಕ್ಕೆ ಪುಡಿಯಾಗುತ್ತೆ, ಪುಡಿಯಾದರೆ ಗಾಳಿ ಆಡಲ್ಲ. ಅದಕ್ಕೇ ಇದ್ದಿಲಿನ ಕುಲುಮೆಯನ್ನು ತೀರಾ ಎತ್ತರ ಕಟ್ಟೋಕಾಗಲ್ಲ. ಕೋಕ್ ಗಟ್ಟಿ, ಅಷ್ಟು ಬೇಗ ಪುಡಿಯಾಗಲ್ಲ. ಕೋಕ್ ಒಲೆಗಳ ಮುಂದೆ ನಿಂತಾಗ ಇದನ್ನು ಅಮ್ಮನಿಗೂ ಹೇಳಿ.